ಓಪಲ್ ಹೆಸರಿನ ಚೀಟಿ

ತಂಗಿ ಓಪಲ್,

ಈ ಸಂಜೆ ಚರ್ಚಿನ ಅಡುಗೆಮನೆಯಲ್ಲಿ ಶನಿವಾರದ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಎಲ್ಲರೂ ಎಂದಿನಂತೆ ಅಂಕ ಊಹಿಸಿ, ಚೀಟಿಗಳನ್ನು ಜಾಡಿಗೆ ಹಾಕಿದೆವು. ನಮ್ಮ ಕಾಲೇಜಿಗೆ ಎದುರಾಗಿ ಬರುವ ಟೆಕ್ಸಾಸಿನವರು ಚೆಂಡನ್ನು ಕೈಯಿಂದ ದೂರ ಎಸೆದೇ ಗೆಲ್ಲುವವರು.

"ಎಸೀಲಿ ಬಿಡಿ. ಎಸೆಯೋನನ್ನ ನಮ್ಮ ಹುಡುಗ್ರು ನಿಲ್ಲೋಕೆ ಬಿಟ್ರೆ ತಾನೆ?" ಎಂದೆ.

"ವಿಲ್ಮಾ ಅಮ್ಮ, ನಿಮ್ಮನ್ನೇ ಮೈದಾನಕ್ಕಿಳಿಸ್ಬೇಕು," ಎಂದು ನಕ್ಕ ಪಾದ್ರಿ ಆರ್ಲನ್, ಚೀಟಿಗಳನ್ನು ಓದತೊಡಗಿದ. ಎಲ್ಲವೂ ನಮ್ಮದೇ ಗೆಲುವು ಎಂದವು. ಕೊನೆಯದು ಮಾತ್ರ, "ಏಳು ಅಂಕದಿಂದ ಸೋಲ್ತೀರಿ. ಓಪಲ್."

ಯಾವಾಗಲೂ ಎದುರು ತಂಡದ ಪರವೇ ಊಹಿಸುತ್ತಿದ್ದ ನೀನು, ನಿನ್ನ ಸೇಬಿನ ಪೈಗೆ ದಾಲ್ಚಿನ್ನಿ ಜಾಸ್ತಿಯಾಯಿತೆಂದು ನಾನು ಹೇಳಿದ್ದಕ್ಕೆ ಆ ಮೇಜಿನಿಂದ ಎದ್ದುಹೋಗಿ ಎರಡು ವರ್ಷ. ಆರ್ಲನ್ ಚೀಟಿಯನ್ನು ನನ್ನತ್ತ ತಿರುಗಿಸಿದ.

"ಇದು ನಿಮ್ಮ ಅಕ್ಷರ ಅಲ್ವಾ?"

"ಆ ಕಡೆಗೂ ಒಬ್ರು ಬೇಕಲ್ಲ, ಮುಂದಿನ ಕೆಲ್ಸ ನೋಡು," ಎಂದೆ.

ನಾವೇ ಗೆಲ್ಲುತ್ತೇವೆ. ಊಹೆ ತಪ್ಪಿದವರು ಸೇಬಿನ ಪೈ ತರಬೇಕಲ್ಲ, ನಿನ್ನದನ್ನು ನಾನೇ ಬೇಯಿಸುತ್ತೇನೆ. ದಾಲ್ಚಿನ್ನಿಯನ್ನು ನೀನು ಹಾಕುತ್ತಿದ್ದಷ್ಟೇ ಹಾಕುತ್ತೇನೆ. ಜಾಸ್ತಿಯಾಯಿತೆಂದು ಈ ಸಲ ಹೇಳುವುದಿಲ್ಲ.

ವಿಲ್ಮಾ