ಸೊಸೆಯ ಅಂಗಾಲು

ಗದಗ, ಫೆಬ್ರುವರಿ ೩೧, ೨೨೨೬

ಇನ್ನೂರು ವರ್ಷ ಹಿಂದಿರುವ ನಮ್ಮ ಮನೆತನದ ಹಿರಿಯರಿಗೆ ಫಕೀರವ್ವನ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎನ್ನಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ತಿದ್ದಿ ಫೆಬ್ರುವರಿಗೂ ನ್ಯಾಯ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮದೂ ನಮಗೆ ಹಾಗೆಯೇ ಕೇಳಿಸುತ್ತದೆ. ಇಲ್ಲಿ ಎಲ್ಲರೂ ಕ್ಷೇಮ. ಹೋದ ವಾರದವರೆಗೆ ಹೀಗೆ ಬರೆಯಲು ನನಗೆ ಧೈರ್ಯವಿರಲಿಲ್ಲ.

ಬಿಸಿಲಿಗೆ ಅಂಜಿ ನಾವು ಬೀದಿಗಳ ಮೇಲೆಲ್ಲ ನೆರಳುಬಟ್ಟೆ ಕಟ್ಟಿದ್ದೇವೆ. ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆ. ಬೇಸಿಗೆಗೆ ಮುಂಚೆ ‘ಕಾಲ್ನೋಟ’ ಎಂಬ ಹಬ್ಬ. ಹೋಳಿಗೆ ಊಟವಾದ ಮೇಲೆ ಚಾಪೆ ಹಾಸಿ ಕೂತು, ಹಿರಿಯರು ಕಿರಿಯರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ‘ಒಳಗನ್ನಡಿ’ಯಲ್ಲಿ ಅಂಗಾಲು ನೋಡಬೇಕು. ಒಳಗನ್ನಡಿ ಎಂದರೆ ದೀಪವಿರುವ ಪುಟ್ಟ ಭೂತಗನ್ನಡಿ. ಚರ್ಮದ ಹೊಳಪು ಕಳೆದು ಒಳಗಿನ ಬಣ್ಣ ತೋರಿಸುತ್ತದೆ. ಇದರ ಅಜ್ಜನಿಗೆ ನಿಮ್ಮ ಡಾಕ್ಟರುಗಳು ಡರ್ಮೊಸ್ಕೋಪ್ ಎನ್ನುತ್ತಾರಂತೆ. ನಿಮ್ಮಲ್ಲಿ ಅದು ದವಾಖಾನೆಯಲ್ಲಿರುತ್ತದೆ, ನಮ್ಮಲ್ಲಿ ಲಟ್ಟಣಿಗೆಯ ಪಕ್ಕ.

ಹೊಸ ಸೊಸೆ ಸುಗಲಾ ಬೀದರ ಕಡೆಯವಳು. ಅಲ್ಲಿಗೆ ಈ ಹಬ್ಬ ಇನ್ನೂ ಹೋಗಿಲ್ಲ.

“ನಿಮ್ಮ ತೊಡಿ ಮ್ಯಾಲೆ ಕಾಲಿಟ್ರ ನಮ್ಮವ್ವ ನನ್ನ ಜೀವಂತ ಬಿಡೂದಿಲ್ರೀ ಅತ್ತಿ,” ಎಂದು ಗೋಡೆಗೆ ಅಂಟಿ ನಿಂತಳು.

“ನಿಮ್ಮವ್ವನ್ನ ನಾ ನೋಡ್ಕೋತೀನಿ, ನೀ ಕಾಲು ತಾ,” ಎಂದು ಗದರಿದೆ.

ಮದುವೆಯ ಮದರಂಗಿ ಇನ್ನೂ ಮಾಸಿರಲಿಲ್ಲ. ಹಿಮ್ಮಡಿಯಲ್ಲಿ ಕಂದು ಚುಕ್ಕೆಯೊಂದಿತ್ತು. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ, ಸಾಲು ದಿಬ್ಬ, ಸಾಲು ದಿಬ್ಬ. ಸಾಧಾರಣ ಮಚ್ಚೆಯ ಬಣ್ಣ ಸಾಲಿನ ತಗ್ಗಿನಲ್ಲಿರುತ್ತದೆ, ಕ್ಯಾನ್ಸರಿನದು ದಿಬ್ಬದ ಮೇಲೆ. ಇವಳದು ದಿಬ್ಬದ ಮೇಲಿತ್ತು. ಕನ್ನಡಿಯನ್ನು ಇನ್ನೂ ಹತ್ತಿರ ಹಿಡಿದೆ.

ಮಗ ನಕ್ಕುಬಿಟ್ಟ. “ಮದರಂಗಿ ಅಲ್ಲೇನ ಯವ್ವಾ ಅದು? ಅದೂ ದಿಬ್ಬಕ್ಕನ ಹತ್ತತೈತಿ.”

ಮಾತು ಸುಳ್ಳಲ್ಲ. ಎಲ್ಲರೂ ಉಸಿರುಬಿಟ್ಟು ಇನ್ನೊಂದು ಹೋಳಿಗೆ ಕೇಳಿದರು. ನಮ್ಮವರು ಮಾಡುವ ತಪ್ಪೇ ಇದು: ಬಣ್ಣ ಹಚ್ಚಿದ ಕಾಲು ತರುವುದು, ಕಂಡದ್ದನ್ನೆಲ್ಲ ಮದರಂಗಿಯ ತಲೆಗೆ ಕಟ್ಟುವುದು. ಆದರೆ ಮದರಂಗಿ ಹತ್ತುವುದು ಮೇಲಿನ ಸತ್ತ ಪದರಕ್ಕೆ, ಕೆರೆದರೆ ಹೋಗಬೇಕು. ಮರುದಿನವೇ ಅವಳನ್ನು ದವಾಖಾನೆಗೆ ಎಳೆದೊಯ್ದೆ. ಡಾಕ್ಟರಮ್ಮ ಹಿಮ್ಮಡಿ ನೆನೆಸಿ ಮೆಲ್ಲಗೆ ಕೆರೆದರು. ಮದರಂಗಿ ಹೋಯಿತು. ಸಾಸಿವೆಯಷ್ಟು ಕಂದು ಉಳಿಯಿತು, ದಿಬ್ಬದ ಮೇಲೆಯೇ. ಅದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು.

ಉತ್ತರ ಬರುವವರೆಗೆ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ ಕೇಳಿದಳು. “ಅತ್ತೀ, ಕಾಲು ತಗದ್ರ ನಿಮ್ಮ ಮಗ ನನ್ನ ಬಿಟ್ಟಾನೇನ್ರೀ?”

“ಬಿಟ್ರ ಅವನ್ನ ಮನಿ ಬಿಡಸ್ತೀನಿ,” ಎಂದೆ. ಹಿತ್ತಲಿಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕ್ಯಾನ್ಸರೇ ಆಗಿತ್ತು. ಆದರೆ ಮೇಲಿನ ಪದರದಲ್ಲೇ ಇತ್ತು, ಆಳಕ್ಕೆ ಇಳಿದಿರಲಿಲ್ಲ. ಸುತ್ತಲಿನ ಚರ್ಮ ಇನ್ನಷ್ಟು ತೆಗೆದು, ತೊಡೆಯ ಚರ್ಮ ತಂದು ಹಚ್ಚಿದರು. ಕಾಲು ಉಳಿಯಿತು, ಹುಡುಗಿ ಉಳಿದಳು. ಬದುಕಿದೆಯಾ ಬಡಜೀವವೇ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಈಗ ಅಂಗಳದಲ್ಲಿ ಕುಂಟುತ್ತ ಓಡಾಡಿ, ಕೂಡು ಎಂದರೆ ನನ್ನನ್ನೇ ಬೈಯುತ್ತಾಳೆ. ಬೈಯಲಿ, ಕಿವಿಗೆ ಹಿತವಾಗಿದೆ.

ನಿಮ್ಮಲ್ಲಿ ಅಂಗಾಲು ತೋರಿಸುವುದು ಅಪಮಾನವಂತೆ. ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೀರಿ, ಅಡಿಯನ್ನು ಯಾರೂ ನೋಡುವುದಿಲ್ಲ. ಹುಣ್ಣಾಗಿ ರಕ್ತ ಬಂದ ಮೇಲೂ ಮುಳ್ಳು ನೆಟ್ಟಿರಬೇಕು ಎನ್ನುತ್ತೀರಿ. ಕಾಲ್ನೋಟವನ್ನು ಯಾರಾದರೂ ಮೊದಲು ಶುರುಮಾಡಬೇಕಲ್ಲ, ನೀವೇ ಮಾಡಿ. ಹೊಸ ಚುಕ್ಕೆಯಿದ್ದರೆ, ಇದ್ದದ್ದು ಬೆಳೆಯುತ್ತಿದ್ದರೆ, ಡಾಕ್ಟರಿಗೆ ತೋರಿಸಿ. ನಿಮ್ಮ ಸೊಸೆ ನಾಚಿದರೆ ಗದರಿ ಕೂರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಳ್ಳಿ. ಓಣಿಯವರು ಆಡಿಕೊಂಡರೆ ಆಡಿಕೊಳ್ಳಲಿ. ನಾವೆಲ್ಲ ಈ ಲೋಕಕ್ಕೆ ನಡೆದು ಬರಬೇಕಾದದ್ದು ಆ ಕಾಲಿನ ಮೇಲೆಯೇ.