ದನಿ ಅಡಗಿಸುವ ಗುಂಡಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಸೋಮವಾರ ಮಧ್ಯಾಹ್ನ

ನನ್ನ ಬಂಗಾರದ ಗುಬ್ಬೀ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಸ್ಟುಡಿಯೋದಲ್ಲಿ ಚಹಾ ಕುಡಿದೇ ದಿನ ತಳ್ಳುತ್ತೀಯೋ? ಟೀವಿಯಲ್ಲಿ ಕೆನ್ನೆ ಒಳಗೆ ಹೋದಂತೆ ಕಾಣುತ್ತದೆ. ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪನೂ ಗಟ್ಟಿಯಾಗಿದ್ದಾರೆ, ಆದರೆ ಶನಿವಾರ ಸಂಜೆಯಿಂದ ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಿದೆ. ಅದನ್ನು ಹೇಳಲಿಕ್ಕೇ ಹೊಲಿಗೆ ಬದಿಗಿಟ್ಟು ಕೂತಿದ್ದೇನೆ.

ಗೊತ್ತು ಮಾಡಿದ್ದ ಮದುವೆ ಬಿಟ್ಟು ನೀನು ವಾರ್ತೆ ಓದುವ ಕೆಲಸಕ್ಕೆ ಹೊರಟ ದಿನ ಅವರು ಹೇಳಿದ್ದು ನಿನಗೂ ನೆನಪಿದೆ: "ಇನ್ಮೇಲೆ ಅವಳ ದನಿ ಈ ಮನೇಲಿ ಕೇಳಬಾರ್ದು." ಕಾಗದಕ್ಕೆ ದನಿ ಇಲ್ಲವಲ್ಲ, ಅದಕ್ಕೆ ಅಡ್ಡಿ ಮಾಡಲಿಲ್ಲ. ಆದರೆ ನಾನು ಇದುವರೆಗೆ ಬರೆಯದ ಒಂದು ಸಂಗತಿ ಇದೆ. ಪ್ರತಿ ಸಂಜೆ ನೀನು ಟೀವಿಯಲ್ಲಿ ಕಾಣಿಸಿಕೊಂಡ ಕೂಡಲೇ ಅವರು ರಿಮೋಟ್ ಎತ್ತಿ ದನಿ ಅಡಗಿಸುತ್ತಾರೆ. ಚಾನೆಲ್ ಬದಲಿಸುವುದಿಲ್ಲ, ದನಿ ಮಾತ್ರ ಅಡಗಿಸುತ್ತಾರೆ. ಯಾಕೆಂದು ನಾನು ಕೇಳಿಲ್ಲ. ಮೂರು ವರ್ಷ ಕೋಣೆಯ ಈ ತುದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ನಿನ್ನ ತುಟಿ ಅಲ್ಲಾಡುವುದನ್ನು ನೋಡಿದ್ದೇನೆ. ಹೊಟ್ಟೆ ಉರಿದುಹೋಗಿದೆ, ಗುಬ್ಬಿ. ಆ ರಿಮೋಟನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತುಹಾಕಬೇಕು ಅಂತ ಎಷ್ಟು ಸಲ ಅನಿಸಿದೆಯೋ.

ಕೊನೆಗೂ ದೇವರು ಕಣ್ಣು ಬಿಟ್ಟ. ನಡುಗೋಡೆ ಒಡೆಸಿ ಎರಡು ಕೋಣೆ ಒಂದು ಮಾಡಿದ ಮೇಲೆ ಈ ಟೀವಿ ಕೋಣೆ ರೈಲು ಬೋಗಿಯಷ್ಟು ಉದ್ದವಾಗಿದೆ, ನಿನಗೆ ಗೊತ್ತಲ್ಲ. ಪ್ರತಿ ಶನಿವಾರ ಮ್ಯಾಚ್ ನೋಡಲು ಬರುವ ಅಪ್ಪನ ಗೆಳೆಯರು, ಹಿಂದೆ ಕೂತವರಿಗೆ ಏನೂ ಕೇಳಿಸುವುದಿಲ್ಲ ಎಂದು ಗೊಣಗುತ್ತಿದ್ದರು. ಮೊನ್ನೆ ಶನಿವಾರ ಬೆಳಿಗ್ಗೆ ಅಪ್ಪನೇ ಸ್ಪೀಕರ್ ಅಂಗಡಿಯವನನ್ನು ಕರೆಸಿದರು. ಅವನು ಗೋಡೆಯುದ್ದಕ್ಕೂ ನಾಲ್ಕು ಸ್ಪೀಕರ್ ಕೂರಿಸಿ, ಆಂಪ್ಲಿಫೈಯರನ್ನು ನನ್ನ ಮಗ್ಗುಲಿನ ಮೇಜಿನ ಮೇಲಿಟ್ಟ. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅವನು ತಲೆ ಕೆರೆದುಕೊಂಡು, "ಅಮ್ಮಾ, ವೈರು ಹೀಗೆ ಹಾಕಿದ್ರೆ ಸ್ಪೀಕರ್‌ಗಳು ರಿಮೋಟಿನ ಮಾತು ಕೇಳಲ್ಲ. ಜೋರು, ಮೆಲ್ಲಗೆ ಎಲ್ಲ ಇಲ್ಲೇ ತಿರುಗಿಸ್ಬೇಕು. ಬೇಕಾದ್ರೆ ಟೀವಿಯ ಬೇರೆ ತೂತಿಗೆ ಹಾಕ್ಕೊಡ್ತೀನಿ" ಅಂದ. ನನ್ನ ಕಿವಿ ನೆಟ್ಟಗಾಯಿತು. "ಬೇಡಪ್ಪಾ, ಹೀಗೇ ಇರ್ಲಿ, ಅವರಿಗೆ ನಾನೇ ಹೇಳ್ತೀನಿ" ಎಂದು ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ. ಅವರಿಗೆ ಹೇಳಲಿಲ್ಲ.

ಅಂದು ಸಂಜೆ ಮ್ಯಾಚ್ ಮುಗಿಯಿತು, ಗೆಳೆಯರು ಇನ್ನೂ ಕೂತಿದ್ದರು, ನೀನು ಬಂದೆ. ಅಪ್ಪ ಗತ್ತಿನಿಂದ ಗುಂಡಿ ಒತ್ತಿದರು. ಪರದೆಯ ಮೂಲೆಯಲ್ಲಿ ಗೀಟು ಹಾಕಿದ ಸ್ಪೀಕರ್ ಚಿತ್ರ ಬಂತು. ನಿನ್ನ ದನಿ ಮಾತ್ರ ನಾಲ್ಕೂ ಕಡೆಯಿಂದ ಕೋಣೆ ತುಂಬಿತು. ನಾನು ಮೆಲ್ಲನೆ ಆಂಪ್ಲಿಫೈಯರಿನ ದನಿಯನ್ನು ಇನ್ನಷ್ಟು ಏರಿಸಿದೆ. ಅವರು ಮತ್ತೆ ಒತ್ತಿದರು, ಆಗ ಟೀವಿಯ ಸ್ವಂತ ದನಿಯೂ ಮರಳಿ ಬಂದು ಸೇರಿಕೊಂಡಿತು! ರಿಮೋಟನ್ನು ಅಂಗೈಗೆ ಬಡಿದರು, ಸೆಲ್ ತೆಗೆದು ಉಜ್ಜಿ ಹಾಕಿದರು. ಚಾನೆಲ್ ಬದಲಿಸಲು ಹೋದಾಗ ಪಕ್ಕದಲ್ಲಿದ್ದ ವಕೀಲರು ಕೈ ಹಿಡಿದರು: "ಇರ್ಲಿ ಬಿಡ್ರೀ, ಎಷ್ಟು ಚೆನ್ನಾಗಿ ಓದ್ತಾಳೆ ನಿಮ್ಮ ಮಗಳು! ಒಂದಿನಾನೂ ಹೇಳ್ಲೇ ಇಲ್ವಲ್ಲ ನೀವು." ಅಪ್ಪ ಹವಾಮಾನದ ಸುದ್ದಿಯವರೆಗೂ ಬಾಯಿ ಮುಚ್ಚಿಕೊಂಡು ಕೇಳಬೇಕಾಯಿತು. ನನಗೆ ಅಳು ಬಂತು, ನಗುವೂ ಬಂತು. ಅಯ್ಯೋ ಪಾಪ ಅಂತ ಮಾತ್ರ ಎಳ್ಳಷ್ಟೂ ಅನಿಸಲಿಲ್ಲ.

ನಿನ್ನ ರೂಮಿನ ಗೆಳತಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಬಾಯಿಗೆ ಯಾರೂ ಎಂದೂ ಬೀಗ ಹಾಕದಿರಲಿ ಎಂದು ಹರಸುವ,

ನಿನ್ನ ಅಮ್ಮ

ಮುಖ್ಯವಾದದ್ದೇ ಬಿಟ್ಟುಹೋಯಿತು: ನಿನ್ನೆ ಗೆಳೆಯರಿರಲಿಲ್ಲ. ನೀನು ಓದಲು ಶುರು ಮಾಡಿದ ಕೂಡಲೇ ಅಪ್ಪ ಎದ್ದು ನನ್ನ ಕಡೆಗೇ ಬಂದರು. ಆರಿಸಲು ಬಂದರು ಅಂತ ನಾನು ಆಂಪ್ಲಿಫೈಯರಿನ ಸ್ವಿಚ್ಚಿಗೆ ಕೈ ಅಡ್ಡ ಹಿಡಿದೆ. ಅವರು ಸ್ಪೀಕರಿನ ಕೆಳಗೆ ನಿಂತು ಕೊನೆಯವರೆಗೂ ಕೇಳಿ, "ಅವಳ ಗಂಟಲು ಯಾಕೆ ಕಟ್ಟಿದ ಹಾಗಿದೆ? ಶೀತ ಏನಾದ್ರೂ ಆಗಿದ್ಯಾ ಕೇಳು" ಅಂದರು. ಏನಾಗಿದೆ ಅಂತ ನನಗೆ ತಕ್ಷಣ ಬರೆ. ಅವರಿಗೆ ನಾನು ಹೇಳುವುದಿಲ್ಲ. ಬೇಕಿದ್ದರೆ ಅವರೇ ಫೋನು ಮಾಡಿ ಕೇಳಲಿ. ಮಾಡಿದರೂ, ಮೊದಲ ಎರಡು ಸಲ ಎತ್ತಬೇಡ.