ಉಳಿಸುವ ಫ್ಲಾಪಿ

ಚಿಕ್ಕೋಡಿ
28 ಅಕ್ಟೋಬರ್ 1998

ಮುನಿದು ಸತ್ತಿ ಊರಿನ ತವರು ಸೇರಿರುವ ಸೌ. ಗೌರಾಬಾಯಿಗೆ,

ದೇವರ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ: ನಿನ್ನ ಟ್ರಂಕಿನಿಂದ ಒಂದು ತಲೆಪಿನ್ನು ಕದ್ದಿದ್ದೇನೆ. ಅದು ಈಗ ಸೊಟ್ಟಗಾಗಿದೆ. ಶಿಕ್ಷೆ ಏನೇ ಇರಲಿ, ಇಲ್ಲಿಗೆ ಬಂದೇ ಕೊಡು.

ದಸರೆಯ ಮರುದಿನ ನಿನ್ನ ಕಂಪ್ಯೂಟರ್ ಏಳದೆ ಹೋದಾಗ ನಾನು ಆಡಿದ ಮಾತು ನೆನಪಿದೆ: "ಅದಕ್ಕೇನಾತು, ಎಲ್ಲಾ ಅಳಸಿ ಹೊಸದಾಗಿ ಹಾಕೂಣು." ಆ 'ಎಲ್ಲಾ'ದೊಳಗೆ ಅಲಖನೂರಿನ ಕುರಿ ಕಾಯುವ ತುಳಸವ್ವನ ನೂರಾ ಎಂಬತ್ತು ಪದಗಳಿದ್ದವು. ಅವಳನ್ನು ಎದುರಿಗೆ ಕೂರಿಸಿಕೊಂಡು, ಹಾಡಿದ ಹಾಗೇ ನೀನು ಎರಡು ವರ್ಷ ಟೈಪು ಮಾಡಿದವು. ಬೇರೆ ಪ್ರತಿ ಇರಲಿಲ್ಲ. ಶ್ರಾವಣದಲ್ಲಿ ತುಳಸವ್ವನೂ ತೀರಿಕೊಂಡಿದ್ದಳು. "ನಿಮಗ ಅಳಸೂದು ಒಂದ ಬರ್ತೈತಿ, ಉಳಸೂದು ಬರೂದಿಲ್ಲ" ಎಂದು ನೀನು ಬಸ್ಸು ಹತ್ತಿದೆ. ನಿಜವೇ. ಅಳಿಸುವುದರಲ್ಲಿ ನಾನು ನಿಸ್ಸೀಮ: ಫ್ಲಾಪಿಯಿಂದ ಕಂಪ್ಯೂಟರನ್ನು, ಮಾತಿನಿಂದ ನಿನ್ನನ್ನು.

ಆಪರೇಟಿಂಗ್ ಸಿಸ್ಟಮ್ ಹಾಕುವ ನನ್ನ ಫ್ಲಾಪಿಗೆ ಇದುವರೆಗೆ ಗೊತ್ತಿದ್ದುದು ಒಂದೇ ದಾರಿ: ಇದ್ದದ್ದನ್ನು ಒರೆಸಿ ಹೊಸದನ್ನು ಹೂಡುವುದು. ಮೂರು ವಾರ ಕಾಲೇಜಿನ ಲ್ಯಾಬಿನಲ್ಲಿ ಕೂತು ಅದಕ್ಕೆ ಎರಡನೆಯ ದಾರಿ ಕಲಿಸಿದೆ. ಈಗ ಅದು ಮೊದಲು ಕೇಳುತ್ತದೆ: ಹೊಸದಾಗಿ ಹಾಕಲೋ, ಇದ್ದದ್ದನ್ನು ಉಳಿಸಲೋ? 'ಉಳಿಸು' ಎಂದರೆ ಡಿಸ್ಕಿನಲ್ಲಿ ಏನನ್ನೂ ಅಳಿಸದೆ, ಫ್ಲಾಪಿಯ ಬಲದಿಂದಲೇ ಯಂತ್ರ ಎಬ್ಬಿಸಿ, ನಿನ್ನ ಬರಹವನ್ನು ಹೊರಗೆ ತಂದುಕೊಡುತ್ತದೆ. ಹೊಳೆ ಬಂದಾಗ ನಿಮ್ಮೂರ ದೋಣಿಯವನು ಮನೆ ಕೆಡವುತ್ತಾನೆಯೇ? ಮಾಳಿಗೆಗೆ ದೋಣಿ ತಾಗಿಸಿ ಜನರನ್ನು ಇಳಿಸಿಕೊಳ್ಳುತ್ತಾನೆ. ಹಾಗೆ. ಫ್ಲಾಪಿಯಲ್ಲಿ ಜಾಗ ಸಾಲದೆ, ಶುರುವಿಗೆ ನನ್ನ ಹೆಸರು ಮಿಂಚುತ್ತಿದ್ದ ಚಿತ್ರವನ್ನು ಕಿತ್ತು ಹಾಕಿದೆ. ತ್ಯಾಗವೆಂದರೆ ಇದು.

ಮೊದಲ ಪರೀಕ್ಷೆ ಬೋರಗಾಂವದ ಧರೆಪ್ಪನ ಮೇಲೆ. ಅವನ ಪವರ್‌ಲೂಮಿನ ಸೀರೆ ಅಂಚಿನ ನಮೂನೆಗಳೆಲ್ಲ ಕೆಟ್ಟ ಕಂಪ್ಯೂಟರಿನಲ್ಲಿ ಸಿಕ್ಕಿಬಿದ್ದಿದ್ದವು. ಎಲ್ಲವೂ ಹೊರಬಂದವು. "ಮಾಸ್ತರ, ನೀವು ಹೋದ ಜೀವಾ ತಂದ್ರಿ" ಎಂದು ನಿನಗೊಂದು ಸೀರೆ ಕಳಿಸಿದ್ದಾನೆ. ಹಸಿರು, ಕೆಂಪು ಅಂಚು.

ನಿನ್ನೆ ನಿನ್ನ ಕಂಪ್ಯೂಟರಿನ ಸರದಿ. ನೂರಾ ಎಂಬತ್ತೂ ಪದ ಉಳಿದಿವೆ, ಒಂದಕ್ಷರ ಮುಕ್ಕಾಗಿಲ್ಲ. ಉಳಿಸಿದವನು ಯಾರೆಂದು ನಾನು ಹೇಳಬೇಕೆ? ಅತ್ತೆ ರುಕ್ಮವ್ವನವರ ಮುಂದೆಯೂ ಅಳಿಯನ ಈ ಪ್ರತಾಪವನ್ನು ಓದಿ ಹೇಳು. ಪದಗಳು ಕಾಯುತ್ತಿವೆ, ನಾನೂ ಕೂಡ. ಬಾ.

ಉಳಿಸಲು ಕಲಿತ ನಿನ್ನ,
ಭೀಮಗೊಂಡ

ತಾ.ಕ.: ತಲೆಪಿನ್ನಿನ ಕಥೆಯನ್ನು ಅವ್ವ ಹೇಗೂ ಹೇಳುತ್ತಾಳೆ, ಅದಕ್ಕಿಂತ ನಾನೇ ಹೇಳುವುದು ಲೇಸು. ನಿನ್ನೆ ನನ್ನ ಹೊಸ ಫ್ಲಾಪಿ ಒಳಗೇ ಹೋಗಲಿಲ್ಲ. ಅವ್ವ ಬಗ್ಗಿ ನೋಡಿ, "ಇದರ ಬಾಯಾಗ ಏನೋ ಸಿಕ್ಕೈತಲೋ" ಎಂದಳು. ಪಿನ್ನು ಹಾಕಿ ಎಳೆದರೆ ಒಣಗಿದ ಬನ್ನಿಯ ಎಸಳು. ದಸರೆಯ ದಿನ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಅದನ್ನು ಯಂತ್ರದ ಬಾಯಿಗೆ ಇಟ್ಟವನು ನಾನೇ. ಎಸಳು ತೆಗೆದದ್ದೇ ತಡ, ಕಂಪ್ಯೂಟರ್ ತಾನಾಗಿಯೇ ಎದ್ದಿತು. ನನ್ನ ಫ್ಲಾಪಿ ಇನ್ನೂ ನನ್ನ ಕೈಯಲ್ಲೇ ಇತ್ತು. 'ಫ್ಲಾಪಿ ಡ್ರೈವ್ ನೋಡಿ' ಎಂದು ಪರದೆ ಮೊದಲ ದಿನದಿಂದ ಹೇಳುತ್ತಲೇ ಇತ್ತು. ಊರಿಗೆಲ್ಲ ಕಂಪ್ಯೂಟರ್ ಕಲಿಸುವ ನಾನು ಓದಿರಲಿಲ್ಲ. ಇನ್ನೊಂದು ಮಾತು. ನೀನು ಬಸ್ಸು ಹತ್ತಿದ ದಿನವೇ ಸಿಟ್ಟಿನಲ್ಲಿ ಹಳೆಯ ಅಳಿಸುವ ಫ್ಲಾಪಿ ತುರುಕಲು ನೋಡಿದ್ದೆ. ಅದೂ ಒಳಗೆ ಹೋಗಲಿಲ್ಲ; ಯಾಕೆಂದು ನೋಡದೆ ಎಸೆದು ಎದ್ದು ಹೋಗಿದ್ದೆ. ತುಳಸವ್ವನ ಪದ ಉಳಿಸಿದ್ದು ಆ ಬನ್ನಿ.